ಪಂಜರದಿಂದ ಬಿದ್ದದ್ದು ಎಲ್ಲಿ ಹೋಗಿ ಕೂರುತ್ತದೆ?

ಅಳಿವೆಯಲ್ಲಿ ಪಂಜರ ಹಾಕಿ ಕುರುಡಿ (ಸೀಬಾಸ್) ಸಾಕುವವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಮೊದಲ ವರ್ಷ ಮೀನು ಚೆನ್ನಾಗಿ ಬೆಳೆಯಿತು. ಎರಡನೆಯ ವರ್ಷವೂ ಅದೇ ಜಾಗ, ಅದೇ ಮೇವು, ಮರಿಯೂ ಅಲ್ಲಿಂದಲೇ ತಂದದ್ದು. ಆದರೆ ಮಾರ್ಚ್ ದಾಟುತ್ತಿದ್ದಂತೆ ಮೀನು ಮೇವಿಗೆ ನುಗ್ಗುವುದನ್ನು ಬಿಟ್ಟಿತು. ಬೆಳಗಿನ ಜಾವ ನೋಡಿದರೆ ಬಾಯಿ ತೆರೆದುಕೊಂಡು ಮೇಲ್ಮೈಯಲ್ಲಿ ತೇಲುತ್ತಿರುತ್ತದೆ. ಲಂಗರಿನ ಹಗ್ಗ ಎಳೆದರೆ ಕರ್ರಗಿನ ರಾಡಿ, ಕೊಳೆತ ಮೊಟ್ಟೆಯ ನಾತ. ‘ಹರಿಯುವ ನೀರಲ್ಲವೇ, ಎಲ್ಲ ಕೊಚ್ಚಿಕೊಂಡು ಹೋಗಬೇಕಿತ್ತಲ್ಲ?’ ಎಂದು ನೀವೂ ಕೇಳಿರಬಹುದು.

ಒಂದಷ್ಟು ಹೋಗಿದೆ, ಒಂದಷ್ಟು ಹೋಗಿಲ್ಲ. ಯಾವುದು ಹೋಗುತ್ತದೆ, ಯಾವುದು ನಿಮ್ಮ ಪಂಜರದ ಕೆಳಗೇ ಉಳಿಯುತ್ತದೆ ಎಂಬುದನ್ನು ಹಗ್ಗ, ಗಡಿಯಾರ, ಬಾಟಲಿ ಮತ್ತು ಪಿವಿಸಿ ಪೈಪಿನ ತುಂಡು ಇಟ್ಟುಕೊಂಡು ನೀವೇ ಕಂಡುಹಿಡಿಯಬಹುದು. ಈ ಲೇಖನ ಅದರ ಬಗ್ಗೆ.

ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2007ರಲ್ಲಿ ವಿಶಾಖಪಟ್ಟಣದ ಕಡಲಲ್ಲಿ ಪಂಜರ ಇಳಿಸಿದ ಮೇಲೆ ಈ ಕೃಷಿ ನಮ್ಮ ಕರಾವಳಿಗೂ ಬಂತು. ಕಾರವಾರದಲ್ಲಿ ತೆರೆದ ಕಡಲಿನ ದೊಡ್ಡ ಪಂಜರಗಳು, ಉಪ್ಪುಂದದಂತಹ ಕಡೆ ಹೊಳೆಯ ಸಣ್ಣ ಪಂಜರಗಳು. ಕಡಲ ಪಂಜರದ ಕೆಳಗೆ ಆಳವಿದೆ, ಅಲೆಯಿದೆ. ಕಷ್ಟವಿರುವುದು ಹೊಳೆಯಲ್ಲಿ, ಅದರಲ್ಲೂ ಐದಾರು ಮೀಟರ್ ಆಳದ ತಿರುವುಗಳಲ್ಲಿ. ಆದ್ದರಿಂದ ಮುಂದಿನದೆಲ್ಲ ಅಳಿವೆಯ ಪಂಜರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಬೀಳುವುದು ಎರಡು ಬಗೆ

ಪಂಜರದಿಂದ ಘನರೂಪದಲ್ಲಿ ಹೊರಬೀಳುವುದು ಎರಡೇ: ಮೀನಿನ ಹಿಕ್ಕೆ ಮತ್ತು ಮೀನು ತಿನ್ನದೆ ಬಿಟ್ಟ ಮೇವು. ಅಮೋನಿಯ ಕಿವಿರಿನಿಂದ ಕರಗಿಯೇ ಹೋಗುವುದರಿಂದ ಅದು ಬೇರೆ ಲೆಕ್ಕ.

ಈ ಎರಡೂ ಬೀಳುವ ವೇಗ ಒಂದೇ ಅಲ್ಲ. ಹಿಕ್ಕೆ ಮೆತ್ತಗಿನದು, ಅದರ ತೂಕ ನೀರಿಗಿಂತ ತುಸುವೇ ಹೆಚ್ಚು. ಯುರೋಪಿನ ಸೀಬಾಸಿನ ಹಿಕ್ಕೆ ಸರಾಸರಿ ಸೆಕೆಂಡಿಗೆ 1 ಸೆಂ.ಮೀ.ಗಿಂತ ಕಡಿಮೆ ವೇಗದಲ್ಲಿ ಇಳಿಯುತ್ತದೆ. ಸಾಲ್ಮನ್ ಮೀನಿನದು 3 ಸೆಂ.ಮೀ. ಆಸುಪಾಸು. ಮುಳುಗುವ ಪೆಲೆಟ್ ಸೆಕೆಂಡಿಗೆ 5ರಿಂದ 15 ಸೆಂ.ಮೀ. ಇಳಿಯುತ್ತದೆ. ಕತ್ತರಿಸಿದ ಬೈಗೆ ಮೀನಿನ ತುಂಡು ಕೂಡ ಹಿಕ್ಕೆಯ ಹಾಗೆ ತೇಲಾಡುವುದಿಲ್ಲ, ನೇರ ತಳ ಸೇರುತ್ತದೆ.

ಬೀಳುತ್ತಿರುವಷ್ಟು ಹೊತ್ತೂ ಸೆಳೆತ ಅದನ್ನು ಪಕ್ಕಕ್ಕೆ ಒಯ್ಯುತ್ತಿರುತ್ತದೆ. ಹಾಗಾಗಿ ಲೆಕ್ಕ ಬಲು ಸುಲಭ:

ದೂರ = (ಪಂಜರದ ತಳದಿಂದ ಹೊಳೆಯ ತಳದವರೆಗಿನ ಆಳ × ಸೆಳೆತದ ವೇಗ) ÷ ಬೀಳುವ ವೇಗ

ಇಳಿತದ ಹೊತ್ತಿನಲ್ಲಿ ನೀರಿನ ಆಳ 5 ಮೀಟರ್, ಪಂಜರ 2 ಮೀಟರ್ ಎಂದಿಟ್ಟುಕೊಳ್ಳಿ. ಕೆಳಗೆ ಉಳಿಯುವುದು 3 ಮೀಟರ್, ಅಂದರೆ 300 ಸೆಂ.ಮೀ. ಸುಲಭಕ್ಕಾಗಿ ಹಿಕ್ಕೆ ಸೆಕೆಂಡಿಗೆ 1 ಸೆಂ.ಮೀ., ಮೀನಿನ ತುಂಡು 10 ಸೆಂ.ಮೀ. ಇಳಿಯುತ್ತದೆ ಎನ್ನೋಣ. ಹಿಕ್ಕೆ ತಳ ಮುಟ್ಟಲು 5 ನಿಮಿಷ ಬೇಕು, ತುಂಡಿಗೆ ಅರ್ಧ ನಿಮಿಷ ಸಾಕು.

ಹುಣ್ಣಿಮೆ-ಅಮಾವಾಸ್ಯೆಯ ಜೋರು ಸೆಳೆತ, ಸೆಕೆಂಡಿಗೆ 20 ಸೆಂ.ಮೀ.: ಹಿಕ್ಕೆ 60 ಮೀಟರ್ ದೂರ ಹೋಗಿ ಬೀಳುತ್ತದೆ, ತುಂಡು 6 ಮೀಟರ್.
ಅಷ್ಟಮಿಯ ಮಂದ ಸೆಳೆತ, 5 ಸೆಂ.ಮೀ.: ಹಿಕ್ಕೆ 15 ಮೀಟರ್, ತುಂಡು ಒಂದೂವರೆ ಮೀಟರ್.
ಭರತ ತಿರುಗುವ ಮುನ್ನ ನೀರು ನಿಂತ ಹೊತ್ತು, 1 ಸೆಂ.ಮೀ.: ಹಿಕ್ಕೆ 3 ಮೀಟರ್, ತುಂಡು ಒಂದು ಅಡಿ.

ಈ ಮೂರು ಸಾಲನ್ನು ಇನ್ನೊಮ್ಮೆ ನೋಡಿ. ಹಿಕ್ಕೆ ಹೊಳೆಯುದ್ದಕ್ಕೂ ತೆಳುವಾಗಿ ಹರಡಿಹೋಗುತ್ತದೆ. ಪಂಜರದ ನೇರ ಕೆಳಗೆ ದಿನಾ ಒಂದೇ ಕಡೆ ಗುಡ್ಡೆಯಾಗುವುದು ಮೇವು. ಹಾಗಾಗಿ ನಿಮ್ಮ ಪಂಜರದಡಿಯ ಕರಿ ರಾಡಿಯಲ್ಲಿ ಬಹುಪಾಲು ನೀವು ದುಡ್ಡು ಕೊಟ್ಟು ತಂದದ್ದೇ ಇರುತ್ತದೆ. ‘ಮೀನು ಹೊಲಸು ಮಾಡಿತು’ ಎಂದು ಮೀನನ್ನು ದೂರಿ ಫಲವಿಲ್ಲ. ಅದರಲ್ಲೂ ಕುರುಡಿಗೆ ಒಂದು ಗುಣವಿದೆ: ಅದು ಮೇವನ್ನು ಬೀಳುತ್ತಿರುವಾಗಲೇ ಹಿಡಿಯುತ್ತದೆ, ಬಲೆಯ ತಳಕ್ಕೆ ಹೋಗಿ ಕುಳಿತ ತುಂಡನ್ನು ಮೂಸಿಯೂ ನೋಡುವುದಿಲ್ಲ.

ಬಿದ್ದ ಮೇಲೆ ಏನಾಗುತ್ತದೆ

ಹೊಳೆಯ ತಳದ ಕೆಸರಿನಲ್ಲಿ ಆಮ್ಲಜನಕ ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ. ಏಡಿ, ಹುಳು, ಬ್ಯಾಕ್ಟೀರಿಯ ಸೇರಿ ದಿನಕ್ಕೆ ಇಷ್ಟು ಎಂದು ಕಸವನ್ನು ಕರಗಿಸುತ್ತವೆ. ಬೀಳುವುದು ಅದಕ್ಕಿಂತ ಹೆಚ್ಚಾದರೆ ಆ ಆಮ್ಲಜನಕ ಮುಗಿಯುತ್ತದೆ. ಅಲ್ಲಿಂದ ಮುಂದೆ ಬೇರೊಂದು ಜಾತಿಯ ಬ್ಯಾಕ್ಟೀರಿಯ ಕೆಲಸ ಶುರುಮಾಡುತ್ತವೆ. ಅವು ಉಸಿರಾಟಕ್ಕೆ ಬಳಸುವುದು ಉಪ್ಪುನೀರಿನಲ್ಲಿ ಧಾರಾಳವಾಗಿರುವ ಸಲ್ಫೇಟನ್ನು. ಹೊರಬಿಡುವುದು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು. ಕೊಳೆತ ಮೊಟ್ಟೆಯ ನಾತ ಅದರದೇ. ಕೆಸರಿನಲ್ಲಿರುವ ಕಬ್ಬಿಣದ ಜತೆ ಸೇರಿ ಅದು ಕಪ್ಪು ಬಣ್ಣ ಕೊಡುತ್ತದೆ. ಮೀನಿನ ಪಾಲಿಗೆ ಇದು ವಿಷ.

ಮಾರ್ಚ್-ಏಪ್ರಿಲಿನಲ್ಲೇ ಏಕೆ ಹೀಗಾಗುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮೀನು ಬಲಿತಿರುತ್ತದೆ, ಮೇವು ಹೆಚ್ಚಿರುತ್ತದೆ. ಬಿಸಿ ನೀರಿನಲ್ಲಿ ಕೊಳೆಯುವಿಕೆ ಚುರುಕು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಡಲ ನೀರು ಹಿಡಿದುಕೊಳ್ಳುವ ಆಮ್ಲಜನಕ ಲೀಟರಿಗೆ 6 ಮಿ.ಗ್ರಾಂ.ಗಿಂತ ತುಸು ಹೆಚ್ಚು, ಅಷ್ಟೆ. ಮೇಲ್ಗಡೆ ಕಿಂಡಿ ಅಣೆಕಟ್ಟಿನ ಹಲಗೆ ಹಾಕಿಯಾಗಿರುತ್ತದೆ, ಹೊಳೆಯಿಂದ ಬರುವ ನೀರು ಬತ್ತಿರುತ್ತದೆ. ಇದೆಲ್ಲ ಒಟ್ಟಾಗಿರುವಾಗ ಅಷ್ಟಮಿ-ನವಮಿಯ ಮಂದ ಭರತ ಬಂದು, ಗಾಳಿಯೂ ಬೀಸದ ರಾತ್ರಿಯಾದರೆ ಕಷ್ಟ ಶುರು. ಫಿಲಿಪೀನ್ಸಿನ ಬೊಲಿನಾವೊ ಕರಾವಳಿಯಲ್ಲಿ 2002ರ ಫೆಬ್ರವರಿಯಲ್ಲಿ ಸಾಕಿದ ಹೂಮೀನು ರಾಶಿರಾಶಿಯಾಗಿ ಸತ್ತವು. ಅಲ್ಲಿಯೂ ಪಂಜರಗಳು ಅನುಮತಿಗಿಂತ ಎಷ್ಟೋ ಹೆಚ್ಚಿದ್ದವು, ನೀರು ಓಡಾಡುವ ಜಾಗ ಇಕ್ಕಟ್ಟಾಗಿತ್ತು.

ಒಮ್ಮೆ ಕೂತದ್ದು ಅಲ್ಲೇ ಇರಬೇಕೆಂದಿಲ್ಲ. ಹೊಸದಾಗಿ ಬಿದ್ದ ಕಸ ತಳದ ಹತ್ತಿರದ ಸೆಳೆತ ಸೆಕೆಂಡಿಗೆ ಸುಮಾರು 10 ಸೆಂ.ಮೀ. ಮುಟ್ಟಿದರೆ ಮತ್ತೆ ಏಳಬಲ್ಲದು. ಎದ್ದದ್ದು ಹೋಗಿ ಸೇರುವುದು ಸೆಳೆತ ಸೋಲುವ ಕಡೆ: ತಳದ ಗುಂಡಿ, ತಿರುವಿನ ಒಳಬದಿ, ಕಾಂಡ್ಲದ ಅಂಚು, ಹಳೆಯ ಒಡ್ಡಿನ ಮರೆ. ಹಾಗಾಗಿ ನಿಮ್ಮ ಪಂಜರದಡಿ ಸ್ವಚ್ಛವಿದ್ದು ನೂರು ಮೀಟರ್ ಆಚೆಯ ಗುಂಡಿ ನಾರುತ್ತಿರಬಹುದು. ಬಹಳ ದಿನ ಕೂತು ಗಟ್ಟಿಯಾದ ಮೇಲೆ ಮಾತ್ರ ಅದೇ ಸೆಳೆತಕ್ಕೆ ಏಳುವುದಿಲ್ಲ.

ಅಳೆಯುವ ಬಗೆ

ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಪಂಜರಕ್ಕೆ ಅನುಮತಿ ಕೇಳುವಾಗ ಡೆಪೊಮಾಡ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಹಿಡಿದು ಕಸ ಬೀಳುವ ನಕ್ಷೆ ತಯಾರಿಸುತ್ತಾರೆ. ಅದರ ಹೊಟ್ಟೆಯೊಳಗಿರುವುದೂ ಮೂಲತಃ ಮೇಲಿನ ಲೆಕ್ಕವೇ. ನಾಲ್ಕಾರು ಪಂಜರದ ರೈತನಿಗೆ ಅಷ್ಟು ಬೇಡ, ಈ ಕೆಳಗಿನದು ಸಾಕು.

1. ಆಳ. ಕಲ್ಲು ಕಟ್ಟಿ, ಮೀಟರಿಗೊಂದು ಗಂಟು ಹಾಕಿದ ಹಗ್ಗ ಇಳಿಸಿ. ಅಮಾವಾಸ್ಯೆಯ ಪೂರ್ತಿ ಇಳಿತದಲ್ಲಿ ಅಳೆಯಿರಿ. ಭರತದಲ್ಲಿ ಅಳೆದ ಆಳ ನಂಬುವಂಥದ್ದಲ್ಲ. ಪಂಜರದ ಕೆಳಗೆ ಮಾತ್ರವಲ್ಲದೆ ಸೆಳೆತದ ಎರಡೂ ದಿಕ್ಕಿಗೆ ನೂರು ಮೀಟರಿನವರೆಗೆ, ಹತ್ತು ಮೀಟರಿಗೊಮ್ಮೆ ನೋಡಿ. ಗುಂಡಿಗಳು ಆಗ ಸಿಗುತ್ತವೆ. ಬಲೆಯ ತಳಕ್ಕೂ ಹೊಳೆಯ ತಳಕ್ಕೂ ನಡುವೆ ಪೂರ್ತಿ ಇಳಿತದಲ್ಲಿಯೂ 2-3 ಮೀಟರ್ ಇರಲೇಬೇಕು.

2. ಸೆಳೆತ. ಖಾಲಿ ಬಾಟಲಿ ಬಿಟ್ಟರೆ ಗಾಳಿ ಅದನ್ನು ಓಡಿಸುತ್ತದೆ. ಎರಡು ತಗಡಿನ ತುಂಡನ್ನು ಒಂದಕ್ಕೊಂದು ಅಡ್ಡ ಸಿಕ್ಕಿಸಿ, ದಾರ ಕಟ್ಟಿ, ಮೇಲೆ ಸಣ್ಣ ತೇಲು ಹಾಕಿ. ತಗಡು ಪಂಜರದ ತಳಕ್ಕಿಂತ ತುಸು ಕೆಳಗೆ ನಿಲ್ಲುವಷ್ಟು ದಾರ ಬಿಡಿ. 10 ಮೀಟರ್ ಸಾಗಲು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ, 1000ವನ್ನು ಅದರಿಂದ ಭಾಗಿಸಿ, ಸೆಂ.ಮೀ. ಲೆಕ್ಕದಲ್ಲಿ ವೇಗ ಸಿಗುತ್ತದೆ. ಒಂದು ಭರತ-ಇಳಿತ ಪೂರ್ತಿ, ಅಂದರೆ ಹನ್ನೆರಡೂವರೆ ಗಂಟೆ, ಗಂಟೆಗೊಮ್ಮೆ ಹೀಗೆ ಮಾಡಿ. ಹುಣ್ಣಿಮೆಯ ಮಾರನೆ ದಿನ ಒಮ್ಮೆ, ನವಮಿ-ದಶಮಿಯಲ್ಲಿ ಇನ್ನೊಮ್ಮೆ. ಭರತದ ಏರಿಳಿತ ಚಂದ್ರನಿಗಿಂತ ಒಂದೆರಡು ದಿನ ಹಿಂದೆ ಬೀಳುವುದರಿಂದ ಅತಿ ಮಂದ ಸೆಳೆತ ಸಿಗುವುದು ಅಷ್ಟಮಿಯಂದಲ್ಲ, ಅದು ಕಳೆದ ಮೇಲೆ.

3. ಬೀಳುವ ವೇಗ. ನಮ್ಮ ಕುರುಡಿ ಯುರೋಪಿನ ಸೀಬಾಸ್ ಅಲ್ಲ. ಹಾಗಾಗಿ ಅವರ ಅಂಕಿ ಅಂದಾಜಿಗೆ ಮಾತ್ರ, ನಿಮ್ಮದನ್ನು ನೀವು ಅಳೆದುಕೊಳ್ಳಿ. ಒಂದಡಿಗಿಂತ ಎತ್ತರದ ಪಾರದರ್ಶಕ ಡಬ್ಬ ಅಥವಾ ಬಾಟಲಿಗೆ ಪಂಜರದ ನೀರನ್ನೇ ತುಂಬಿ. ಬಾವಿಯ ನೀರು ಬೇಡ, ಉಪ್ಪು ಕಡಿಮೆಯಾದರೆ ವಸ್ತು ಬೇಗ ಇಳಿಯುತ್ತದೆ. ನೀರಿನ ಮಟ್ಟಕ್ಕಿಂತ 5 ಸೆಂ.ಮೀ. ಕೆಳಗೊಂದು ಗೆರೆ, ಅಲ್ಲಿಂದ 20 ಸೆಂ.ಮೀ. ಕೆಳಗೆ ಇನ್ನೊಂದು ಗೆರೆ ಎಳೆಯಿರಿ. ಮೇವು ತಿಂದ ನಾಲ್ಕಾರು ಮೀನನ್ನು ಗಾಳಿ ಬಿಟ್ಟ ಟಬ್ಬಿನಲ್ಲಿ ಕೆಲ ಗಂಟೆ ಇಟ್ಟರೆ ಹಿಕ್ಕೆ ಸಿಗುತ್ತದೆ. ಚಮಚದಲ್ಲಿ ಹಿಸುಕದೆ ಎತ್ತಿ, ನೀರಿನೊಳಗೇ ಬಿಡಿ. ಎರಡು ಗೆರೆಗಳ ನಡುವಿನ ಹೊತ್ತು ಎಣಿಸಿ, 20ನ್ನು ಅದರಿಂದ ಭಾಗಿಸಿ. ಹತ್ತಿಪ್ಪತ್ತು ಸಲ ಮಾಡಿದರೆ ದೊಡ್ಡದೆಷ್ಟು, ಪುಡಿಯೆಷ್ಟು ಎಂಬ ಅಂದಾಜು ಬರುತ್ತದೆ. ಮೇವಿಗೂ ಹೀಗೆಯೇ, ಆದರೆ ಐದು ನಿಮಿಷ ನೆನೆಸಿದ್ದನ್ನು ಬಿಡಿ.

4. ನಕ್ಷೆ. ಒಂದು ಹಾಳೆಯಲ್ಲಿ ಪಂಜರ ಬರೆದು, ಭರತದ ದಿಕ್ಕಿಗೊಂದು, ಇಳಿತದ ದಿಕ್ಕಿಗೊಂದು ಗೆರೆ ಎಳೆದು ಲೆಕ್ಕದ ದೂರಗಳನ್ನು ಗುರುತಿಸಿ. ಉದ್ದನೆಯ ಎಲೆಯ ಆಕಾರ ಬರುತ್ತದೆ. ಎರಡೂ ತುದಿ ಸಮವಿರುವುದಿಲ್ಲ. ಹೊಳೆಯ ನೀರಿನ ಒತ್ತು ಇರುವುದರಿಂದ ಸಾಮಾನ್ಯವಾಗಿ ಕಡಲ ಕಡೆಯದು ಉದ್ದ.

5. ಪರೀಕ್ಷೆ. ಹಾಳೆಯ ಲೆಕ್ಕವನ್ನು ಹೊಳೆಯಲ್ಲಿ ತಾಳೆ ನೋಡಬೇಕು. ನಾಲ್ಕಿಂಚಿನ ಪಿವಿಸಿ ಪೈಪನ್ನು ಎರಡಡಿ ಉದ್ದಕ್ಕೆ ಕತ್ತರಿಸಿ ಕೆಳಬಾಯಿ ಮುಚ್ಚಿ. ಪೈಪಿನ ಉದ್ದ ಅದರ ಬಾಯಿಯ ಐದು ಪಟ್ಟಾದರೂ ಇರಬೇಕು, ಗಿಡ್ಡವಾದರೆ ಒಳಗೆ ಬಿದ್ದದ್ದನ್ನು ಸೆಳೆತ ಮತ್ತೆ ಎತ್ತಿಕೊಂಡು ಹೋಗುತ್ತದೆ. ಕೆಳಗೆ ಭಾರ, ಮೇಲೆ ತೇಲು ಕಟ್ಟಿ, ಪೈಪು ತಳದಿಂದ ಒಂದು ಮೀಟರ್ ಮೇಲೆ ನೆಟ್ಟಗೆ ನಿಲ್ಲುವಂತೆ ಇಳಿಸಿ. ಪಂಜರದ ಕೆಳಗೊಂದು, ಸೆಳೆತದ ದಿಕ್ಕಿಗೆ 10, 25, 50 ಮೀಟರಿನಲ್ಲಿ ಒಂದೊಂದು. ಇನ್ನೊಂದನ್ನು ಪಂಜರದಿಂದ ದೂರ, ಅಷ್ಟೇ ಆಳವಿರುವ ಬೇರೆ ಕಡೆ ಇಡಿ. ಇದನ್ನು ಮಾತ್ರ ಬಿಡಬೇಡಿ. ಹೊಳೆ ತಾನೇ ಹೊತ್ತು ತರುವ ಹೂಳೆಷ್ಟು ಎಂಬುದು ಇದರಿಂದಲೇ ಗೊತ್ತಾಗುವುದು, ಅದನ್ನು ಉಳಿದವುಗಳಿಂದ ಕಳೆಯಬೇಕು. ಒಂದು ದಿನ ಬಿಟ್ಟು ಎತ್ತಿ, ಒಳಗಿನದನ್ನು ಗಾಜಿನ ಲೋಟದಲ್ಲಿ ತಿಳಿಯಲು ಬಿಟ್ಟು ಎತ್ತರ ಹೋಲಿಸಿ.

ಕೆಸರನ್ನು ಓದುವುದು

ತಿಂಗಳಿಗೊಮ್ಮೆ, ಇಳಿತದಲ್ಲಿ, ಎರಡಿಂಚಿನ ಪಾರದರ್ಶಕ ಕೊಳವೆಯನ್ನು ಉದ್ದನೆಯ ಗಳಕ್ಕೆ ಕಟ್ಟಿ ಕೆಸರಿಗೆ ಚುಚ್ಚಿ, ಮೇಲ್ಬಾಯಿ ಮುಚ್ಚಿ ಎತ್ತಿ. ಮೇಲೆ ಒಂದೆರಡು ಸೆಂ.ಮೀ. ಕಂದು ಪದರವಿದ್ದು ಕೆಳಗೆ ಬೂದು ಇದ್ದರೆ ಚಿಂತೆಯಿಲ್ಲ. ನಮ್ಮ ಅಳಿವೆಯ ಕೆಸರು ಒಳಗಡೆ ಸಹಜವಾಗಿಯೇ ಕಪ್ಪಿರಬಹುದು, ಅದನ್ನು ಕಂಡು ಗಾಬರಿಯಾಗಬೇಡಿ. ನೋಡಬೇಕಾದದ್ದು ಮೇಲಿನ ಕಂದು ಪದರ ತಿಂಗಳಿಂದ ತಿಂಗಳಿಗೆ ತೆಳುವಾಗುತ್ತಿದೆಯೇ ಎಂಬುದನ್ನು. ಅದು ಮಾಯವಾಗಿ ಮೇಲಿನಿಂದಲೇ ಕಪ್ಪಾದರೆ ಮೇವು ಕಡಿಮೆ ಮಾಡುವ ಕಾಲ ಬಂತು. ಕಪ್ಪಿನ ಮೇಲೆ ಬಿಳಿ ಬೂಷ್ಟಿನಂತಹ ಪೊರೆ ಕಂಡರೆ, ಇಳಿತದಲ್ಲಿ ಪಂಜರದ ಸುತ್ತ ಗುಳ್ಳೆ ಏಳುತ್ತಿದ್ದರೆ ತಡಮಾಡದೆ ಪಂಜರ ಸರಿಸಬೇಕು ಅಥವಾ ಮೀನು ಹಿಡಿಯಬೇಕು.

ಏಡಿ ಗಾಳಕ್ಕೆ ಏಡಿ ಬೀಳುತ್ತಿರುವುದು, ಪಂಜರದ ಕೆಳಗೆ ಕಾಡುಮೀನು ಸುಳಿದಾಡುವುದು ಒಳ್ಳೆಯ ಲಕ್ಷಣ. ಅವು ಬಿದ್ದದ್ದರಲ್ಲಿ ಸಾಕಷ್ಟು ಪಾಲನ್ನು ತಿಂದು ಮುಗಿಸುತ್ತವೆ. ಪಂಜರದ ಬುಡದಲ್ಲೇ ಬೀಡುಬಲೆ ಹಾಕಿ ಅವನ್ನೂ ಹಿಡಿಯುವವರಿದ್ದಾರೆ. ಬಿಟ್ಟಿ ಜಾಡಮಾಲಿಯನ್ನು ಓಡಿಸಿದ ಹಾಗೆ ಅದು.

ಎಚ್ಚರಿಕೆ: ಕೆಸರು ತೆಗೆಯಲು ಒಬ್ಬರೇ ಮುಳುಗಬೇಡಿ. ಪಂಜರದ ಹಗ್ಗ-ಬಲೆಯಲ್ಲಿ ಕಾಲು ಸಿಕ್ಕಿಕೊಳ್ಳುವುದು ಅಪರೂಪವಲ್ಲ. ನಾರುವ ಕೆಸರನ್ನು ಮೂಗಿಗೆ ಹಿಡಿದು ಪರೀಕ್ಷಿಸುವುದೂ ಬೇಡ. ದೋಣಿಯಲ್ಲಿ ನಿಂತು ಕೆಲಸ ಮಾಡುವಾಗ ಲೈಫ್ ಜಾಕೆಟ್ ಇರಲಿ.

ಮಾಡಬೇಕಾದದ್ದು

1. ನೀರು ನಿಂತ ಹೊತ್ತಿನಲ್ಲಿ ಮೇವು ಹಾಕಬೇಡಿ. ಸೆಳೆತ ಹದವಾಗಿರುವಾಗ ಹಾಕಿ. ತೀರಾ ಜೋರಿದ್ದರೂ ತುಂಡು ಬಲೆಯಿಂದ ಹೊರಗೆ ಹೋಗುತ್ತದೆ, ಮೀನಿಗೂ ಈಜುವುದೇ ಕೆಲಸವಾಗುತ್ತದೆ. ಭರತದ ಹೊತ್ತು ದಿನಾ ಮುಕ್ಕಾಲು ಗಂಟೆಯಷ್ಟು ಮುಂದಕ್ಕೆ ಹೋಗುತ್ತದೆ. ಆದ್ದರಿಂದ ‘ದಿನಾ ಎಂಟು ಗಂಟೆಗೆ ಮೇವು’ ಎಂಬ ಪದ್ಧತಿ ಹೊಳೆಯಲ್ಲಿ ನಡೆಯುವುದಿಲ್ಲ.

2. ಒಂದೇ ಸಲಕ್ಕೆ ಬುಟ್ಟಿ ಮಗುಚಬೇಡಿ. ಹಿಡಿ ಹಿಡಿಯಾಗಿ ಹಾಕಿ. ಮೀನು ಮೇಲೆ ನುಗ್ಗುವುದು ನಿಂತೊಡನೆ ಕೈಯೂ ನಿಲ್ಲಲಿ.

3. ಹಸಿ ಮೀನು ಹಾಕುವವರು ತುಂಡನ್ನು ಸಾಕಿದ ಮೀನಿನ ಬಾಯಿಗೆ ತಕ್ಕಷ್ಟು ಕತ್ತರಿಸಿ, ಕತ್ತರಿಸಿದ್ದನ್ನು ದಡದಲ್ಲಿ ಒಮ್ಮೆ ತೊಳೆದು ತನ್ನಿ. ಪುಡಿ, ಕರುಳು, ರಕ್ತ ಯಾವ ಮೀನಿನ ಹೊಟ್ಟೆಗೂ ಹೋಗುವುದಿಲ್ಲ. ತೊಳೆದ ನೀರನ್ನು ತೆಂಗಿನ ಬುಡಕ್ಕೆ ಹೊಯ್ಯಿರಿ. ಸಾಧ್ಯವಿದ್ದರೆ ಪೆಲೆಟ್‌ಗೆ ಬನ್ನಿ. ಒಂದು ಕಿಲೋ ಕುರುಡಿ ಬೆಳೆಯಲು ಹಸಿ ಮೀನು ಐದು ಕಿಲೋಗೂ ಹೆಚ್ಚು ಬೇಕು, ಒಳ್ಳೆಯ ಪೆಲೆಟ್ ಎರಡು ಕಿಲೋ ಒಳಗೆ ಸಾಕು. ಹಸಿ ಮೀನಿನಲ್ಲಿ ನೀರಿನಂಶ ಹೆಚ್ಚೆಂಬುದನ್ನು ಕಳೆದರೂ ವ್ಯತ್ಯಾಸ ಉಳಿಯುತ್ತದೆ.

4. ಪಂಜರಗಳನ್ನು ಸೆಳೆತದ ಉದ್ದಕ್ಕೆ ಸಾಲಾಗಿ ಕಟ್ಟಿದರೆ ಒಂದರ ಕಸ ಮುಂದಿನದರ ಹೊಟ್ಟೆಯೊಳಗಿಂದ ಹಾಯುತ್ತದೆ, ಸೆಳೆತವೂ ಒಂದೊಂದು ಬಲೆಗೆ ತಾಗಿ ಕುಗ್ಗುತ್ತ ಹೋಗುತ್ತದೆ. ದೋಣಿ ಹಾದಿ ಬಿಟ್ಟು, ಆದಷ್ಟು ಸೆಳೆತಕ್ಕೆ ಅಡ್ಡವಾಗಿ ಕಟ್ಟಿ.

5. ಬಲೆಗೆ ಪಾಚಿ, ನೀಲಿಕಲ್ಲು ಹತ್ತಲು ಬಿಡಬೇಡಿ. ಕಣ್ಣು ಮುಚ್ಚಿದ ಬಲೆಯೊಳಗೆ ನೀರು ನಿಂತಂತೆಯೇ, ಮೇಲಿನ ಲೆಕ್ಕದ 20 ಸೆಂ.ಮೀ. ಸೆಳೆತ ಕಾಗದದ ಮೇಲಷ್ಟೇ ಉಳಿಯುತ್ತದೆ. ಬಲೆಯನ್ನು ದಡಕ್ಕೆ ತಂದು ಒಣಗಿಸಿ ಬಡಿಯಿರಿ. ಪಂಜರದಲ್ಲೇ ಉಜ್ಜಿದರೆ ಅದೂ ತಳಕ್ಕೇ.

6. ಜಾಗಕ್ಕೆ ಬಿಡುವು ಕೊಡಿ. ನಾರ್ವೆಯಲ್ಲಿ ಒಂದು ಬೆಳೆ ಮುಗಿದ ಮೇಲೆ ಕನಿಷ್ಠ ಎರಡು ತಿಂಗಳು ಪಂಜರ ಖಾಲಿ ಬಿಡಬೇಕೆಂಬ ನಿಯಮವಿದೆ. ನಮಗೆ ಆ ಬಿಡುವನ್ನು ಮಳೆಗಾಲ ಪುಕ್ಕಟೆ ಕೊಡುತ್ತದೆ. ಎರಡು ಜಾಗ ಗೊತ್ತುಮಾಡಿಕೊಂಡು ವರ್ಷಕ್ಕೊಂದರಂತೆ ಬದಲಿಸಿದರೆ ಇನ್ನೂ ಒಳ್ಳೆಯದು. ಹಾಗೆ ಮಾಡುವಾಗ ಹತ್ತು ಮೀಟರ್ ಸರಿಸಿ ಪ್ರಯೋಜನವಿಲ್ಲ, ನಕ್ಷೆಯ ಎಲೆಯಿಂದ ಹೊರಗೆ ಹೋಗಬೇಕು.

ಸಾಮಾನ್ಯ ತಪ್ಪುಗಳು

ತಳ ಕೆದಕುವುದು. ಕೊಕ್ಕೆ, ಸರಪಳಿ ಎಳೆದು ‘ಹೂಳು ಎಬ್ಬಿಸಿದರೆ ನೀರು ಒಯ್ಯುತ್ತದೆ’ ಎನ್ನುವುದು ಮೀನು ಪಂಜರದಲ್ಲಿರುವಾಗ ಮಾಡಬಾರದ ಕೆಲಸಗಳಲ್ಲಿ ಮೊದಲನೆಯದು. ಅದುಮಿಟ್ಟಿದ್ದ ಸಲ್ಫೈಡ್, ಅಮೋನಿಯ ಒಮ್ಮೆಲೇ ಮೇಲೆ ಬರುತ್ತವೆ, ಇದ್ದ ಆಮ್ಲಜನಕವೂ ಹೋಗುತ್ತದೆ.

ಸುಣ್ಣ, ಜಿಯೊಲೈಟ್, ಪ್ರೋಬಯಾಟಿಕ್ ಪುಡಿ ಎರಚುವುದು. ಸಿಗಡಿ ಕೆರೆಯಲ್ಲಿ ಇವಕ್ಕೆ ಅರ್ಥವಿರಬಹುದು. ಹೊಳೆಗೆ ಹಾಕಿದ್ದು ತಳ ಮುಟ್ಟುವ ಮೊದಲೇ ಪಕ್ಕದೂರು ಸೇರಿರುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ, ಅಷ್ಟೆ.

ತೇಲುವ ಪೆಲೆಟ್ ಎಂದರೆ ಕಸವೇ ಇಲ್ಲ ಎಂದುಕೊಳ್ಳುವುದು. ಮೇಲ್ಮೈಯಲ್ಲಿ ತೇಲುವ ಕಾಳು ಬಲೆಯಿಂದ ಆಚೆ ಹೋಗಿ, ನೆನೆದು, ದೂರದಲ್ಲಿ ಮುಳುಗುತ್ತದೆ. ಕಣ್ಣಿಗೆ ಕಾಣದು, ಲೆಕ್ಕದಲ್ಲಿ ಕಾಣುತ್ತದೆ. ಪಂಜರದೊಳಗೆ ಮೇಲ್ಗಡೆ ಸಣ್ಣ ಕಣ್ಣಿನ ಬಲೆಯ ಸುತ್ತು ಹಾಕಿ. ಚೀಲದ ಅಡಿಯ ಪುಡಿಯನ್ನು ಜರಡಿ ಹಿಡಿದು ಬೇರೆ ಮಾಡಿ.

‘ಮಳೆ ಬಂದರೆ ಎಲ್ಲ ತೊಳೆದು ಹೋಗುತ್ತದೆ’ ಎಂದು ನಂಬಿ ಕೂರುವುದು. ಹೊಳೆಯ ನಡುವಿನ ಓಟಕ್ಕೆ ಇದು ಬಹುಮಟ್ಟಿಗೆ ನಿಜ. ತಿರುವಿನ ಮರೆ, ಮುಚ್ಚಿದ ಕೋಡಿ, ತಳದ ಗುಂಡಿಗಳಿಗೆ ನಿಜವಲ್ಲ. ಕೆಲವೆಡೆ ಪ್ರವಾಹದ ಹೂಳು ಹಳೆಯ ರಾಡಿಯ ಮೇಲೆ ಮುಸುಕು ಹಾಕಿ ಹೋಗುತ್ತದೆ. ಮಳೆಗಾಲ ಕಳೆದು ಮರಿ ಬಿಡುವ ಮುನ್ನ ಕೊಳವೆ ಚುಚ್ಚಿ ನೋಡಿ. ಕಪ್ಪು ಪದರ ಒಂದಡಿ ಕೆಳಗೆ ಹೂತಿದ್ದರೆ ತೊಂದರೆಯಿಲ್ಲ, ಮೇಲೆಯೇ ಇದ್ದರೆ ಬೇರೆ ಜಾಗ ಹುಡುಕಿ.

ಸತ್ತ ಮೀನನ್ನು ಪಂಜರದ ಪಕ್ಕಕ್ಕೇ ಎಸೆಯುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದಡಕ್ಕೆ ತಂದು ಹೂಳಿ.

ಜಲಾಶಯದಲ್ಲಿ ಪಂಜರ ಹಾಕುವವರಿಗೆ ಒಂದು ಮಾತು. ಅಲ್ಲಿ ಭರತವಿಲ್ಲ, ದಿಕ್ಕು ಬದಲಿಸುವ ಸೆಳೆತವಿಲ್ಲ. ಮೇವಿರಲಿ, ಹಿಕ್ಕೆಯಿರಲಿ ಬಹುಪಾಲು ನೇರ ಕೆಳಗೇ ಬೀಳುತ್ತದೆ. ಸಿಹಿನೀರಿನಲ್ಲಿ ಸಲ್ಫೇಟ್ ಕಡಿಮೆಯಿರುವುದರಿಂದ ನಾತದ ಮುನ್ಸೂಚನೆಯೂ ಅಷ್ಟಾಗಿ ಸಿಗುವುದಿಲ್ಲ. ಬೇಸಿಗೆಯಲ್ಲಿ ಬೆಚ್ಚನೆಯ ಮೇಲಿನ ನೀರು, ತಣ್ಣನೆಯ ತಳದ ನೀರು ಬೇರೆಯಾಗಿ ನಿಂತು, ಮೊದಲ ಗಾಳಿಮಳೆಗೆ ಒಮ್ಮೆಲೇ ಬೆರೆತರೆ ತಳದ ಆಮ್ಲಜನಕವಿಲ್ಲದ ನೀರು ಮೀನಿನ ಮಟ್ಟಕ್ಕೆ ಬರುತ್ತದೆ. ಹೆಚ್ಚು ಆಳವಿರುವ ಕಡೆ ಪಂಜರ ಹಾಕಿ ವರ್ಷಕ್ಕೊಮ್ಮೆ ಇಡೀ ತೆಪ್ಪ ಎಳೆದು ಬೇರೆಡೆ ಕಟ್ಟುವುದೊಂದೇ ಅಲ್ಲಿ ನಂಬಬಹುದಾದ ದಾರಿ.

ನೆರೆಯವರ ಲೆಕ್ಕ

ಇದುವರೆಗೆ ಹೇಳಿದ್ದು ತಳ ಸೇರುವ ಕಸದ ಬಗ್ಗೆ. ಪುಡಿಯಾದದ್ದು, ತೀರಾ ಹಗುರವಾದದ್ದು ಅಷ್ಟು ಬೇಗ ಕೂರುವುದಿಲ್ಲ. ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ ಎಂದು ಪದರ ಕಟ್ಟಿದ ದಿನಗಳಲ್ಲಿ ಅದು ಎರಡರ ನಡುವೆ ತಡೆದು ನಿಲ್ಲುವುದೂ ಉಂಟು. ಅತಿ ಜೋರಿನ ಹೊತ್ತಿಗೆ ಸೆಕೆಂಡಿಗೆ 20 ಸೆಂ.ಮೀ. ಸೆಳೆತವಿರುವ ಹೊಳೆಯಲ್ಲಿ ಒಂದು ಇಳಿತಕ್ಕೆ ನೀರು ಎರಡೂವರೆ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಆರು ಗಂಟೆ ಕಳೆದು ಭರತ ತಿರುಗಿದರೆ ಅದರಲ್ಲಿ ಬಹುಪಾಲು ಮರಳಿ ನಿಮ್ಮ ಪಂಜರಕ್ಕೇ ಬರುತ್ತದೆ. ಅಷ್ಟು ದೂರದೊಳಗೆ ಪಂಜರ ಹಾಕಿದ ಎಲ್ಲರೂ ಒಂದೇ ನೀರನ್ನು ಹಂಚಿಕೊಂಡಿದ್ದೀರಿ. ನೀವೊಬ್ಬರೇ ಮೇವು ಹದಮಾಡಿದರೆ ನಿಮ್ಮ ತಳ ಉಳಿಯುತ್ತದೆ, ನೀರು ಉಳಿಯುವುದಿಲ್ಲ. ಹೊಳೆಯ ಆ ಭಾಗದ ಪಂಜರಗಳವರು ಕೂತು ಒಟ್ಟು ಎಷ್ಟು ಪಂಜರ, ಒಬ್ಬೊಬ್ಬರದು ಎಷ್ಟು ದೂರ, ಮೀನು ಹಿಡಿಯುವುದು ಯಾವಾಗ ಎಂದು ಮರಿ ಬಿಡುವ ಮೊದಲೇ ಮಾತಾಡಿಕೊಳ್ಳಿ. ಎಲ್ಲರ ಮೀನೂ ಏಪ್ರಿಲಿಗೇ ಬಲಿಯುವ ಬದಲು ಅರ್ಧದಷ್ಟು ಪಂಜರ ಫೆಬ್ರವರಿಯಲ್ಲಿ ಖಾಲಿಯಾದರೆ ಬೇಸಿಗೆಯ ಭಾರ ಅಷ್ಟು ಇಳಿಯುತ್ತದೆ.

ಆ ಮಾತುಕತೆಗೆ ಬಳಚು ಹೆಕ್ಕುವವರನ್ನೂ ಕರೆಯಿರಿ. ಅಘನಾಶಿನಿಯಂತಹ ಅಳಿವೆಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಬಳಚಿನಿಂದ. ಮರಳುಮಿಶ್ರಿತ ತಳದಲ್ಲಿ ಬೆಳೆಯುವ ಅದರ ಮೇಲೆ ರಾಡಿ ಕೂತರೆ ಅದು ಉಸಿರುಗಟ್ಟಿ ಸಾಯುತ್ತದೆ. ನಿಮ್ಮ ನಕ್ಷೆಯ ಎಲೆ ಅವರ ಬಳಚಿನ ದಿಬ್ಬದ ಮೇಲೆ ಬೀಳುತ್ತಿದ್ದರೆ ಪಂಜರ ಅಲ್ಲಿ ಬೇಡ. ಯಾವ ಗುಂಡಿಯಲ್ಲಿ ಹೂಳು ನಿಲ್ಲುತ್ತದೆ, ಯಾವ ವರ್ಷದಿಂದ ಯಾವ ತಿರುವು ನಾರತೊಡಗಿತು ಎಂಬುದನ್ನು ದಿನಾ ಕಾಲಲ್ಲಿ ತಳ ತಡಕುವ ಅವರಷ್ಟು ಖಚಿತವಾಗಿ ಯಾವ ಪೈಪೂ ಹೇಳಲಾರದು. ಆಳ ಅಳೆಯಲು ಹೊರಡುವ ದಿನವೇ ಅವರಲ್ಲೊಬ್ಬರನ್ನು ದೋಣಿಗೆ ಹತ್ತಿಸಿಕೊಳ್ಳಿ.